ಇಲ್ಲದ ಹನ್ನೆರಡು ಮೆಟ್ಟಿಲು

ಹನ್ನೆರಡು ಎಂಬ ಸಂಖ್ಯೆ ನನ್ನ ಬಾಯಿಗೆ ಹೇಗೆ ಬಂತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹತ್ತು ಅಂದಿದ್ದರೆ ಬಹುಶಃ ಅನುಮಾನ ಬರುತ್ತಿತ್ತು, ನೂರು ಅಂದಿದ್ದರೆ ನಗುತ್ತಿದ್ದರು. ಹನ್ನೆರಡು ಅಂದದ್ದಕ್ಕೆ, ನಿಂತು ಎಣಿಸಿಕೊಂಡು ಬಂದವಳ ಹಾಗೆ ಅಂದದ್ದಕ್ಕೆ, ಸೌಭಾಗ್ಯಕ್ಕ ಮರುಮಾತಿಲ್ಲದೆ ನಂಬಿದರು.

ಸೌಭಾಗ್ಯಕ್ಕ ನನ್ನ ಗಂಡನ ಅಕ್ಕ. ಶಹಾಪುರದ ನಮ್ಮ ಮನೆಯಲ್ಲಿ, ಬೀದಿ ಕಾಣುವ ಕಿಟಕಿಯ ಪಕ್ಕ, ಗಾಲಿಕುರ್ಚಿಯಲ್ಲಿ ಕೂತೇ ಇಡೀ ಸಂಸಾರ ನಡೆಸುವವರು. ಹತ್ತೊಂಬತ್ತು ವರ್ಷದ ಹಿಂದೆ ಬಳಿಚಕ್ರದಿಂದ ಯಾದಗಿರಿಗೆ ಹೊರಟ ಟಂಟಂ ಆಟೋ ಉರುಳಿ ಅವರ ನಡ ಮುರಿಯಿತು. ಸೊಂಟದಿಂದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಗಂಡನ ಮನೆಯವರು ಅವರನ್ನು ತವರಿಗೆ ತಂದು ಬಿಟ್ಟರು, ತಿರುಗಿ ಬರಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಗಂಡ ಸಂಗಮನಾಥ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಅವರನ್ನು ಮಂಚದಿಂದ ಕುರ್ಚಿಗೆ ಹೇಗೆ ಎತ್ತಬೇಕು ಎಂಬುದನ್ನು. ಅವರ ಎರಡೂ ಕೈ ನನ್ನ ಕೊರಳಿಗೆ, ನನ್ನ ಎರಡೂ ಕೈ ಅವರ ಬೆನ್ನಿಗೆ. ಹದಿನಾಲ್ಕು ವರ್ಷದಿಂದ ದಿನಕ್ಕೆ ನಾಲ್ಕೈದು ಸಲ ನಾವಿಬ್ಬರೂ ಹಾಗೆ ಅಪ್ಪಿಕೊಂಡಿದ್ದೇವೆ. ಗಂಡನನ್ನು ಕೂಡ ನಾನು ಅಷ್ಟು ಸಲ ಅಪ್ಪಿಲ್ಲ.

ಬೈಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬೈಗುಳ, ಮೂತ್ರದ ಚೀಲ ತುಂಬಿದ್ದು ನೋಡದಿದ್ದರೆ ಬೈಗುಳ, ನನ್ನ ಮುಖ ಬಾಡಿದ್ದರೆ ಅದಕ್ಕೂ ಬೈಗುಳ. ‘ಕಸ್ತೂರೀ’ ಎಂದು ಅವರು ಕರೆದರೆ ಓಣಿಯ ಆ ತುದಿಯಲ್ಲಿದ್ದ ನಾಯಿಯೂ ಎದ್ದು ನಿಲ್ಲುತ್ತದೆ. ಮೈ ಹೊರಳಿಸಬೇಕು, ಬೆನ್ನು ಒರೆಸಬೇಕು, ಕಾಲಿಗೆ ಎಲ್ಲಿ ಗಾಯವಾಗಿದೆಯೋ ನೋಡಬೇಕು. ನಾನು ಕೆಟ್ಟ ಮನಸ್ಸಿನಿಂದ ಮಾಡಿದವಳಲ್ಲ, ಆದರೆ ದಣಿದಿದ್ದೆ. ಆ ದಣಿವನ್ನು ಯಾರ ಮುಂದೆ ಹೇಳಿದರೂ ತಪ್ಪು ನನ್ನದೇ ಆಗುತ್ತಿತ್ತು.

ಎಂಟು ವರ್ಷದ ಹಿಂದೆ ನಾಟಕ ಕಂಪನಿಯೊಂದು ನಮ್ಮೂರಲ್ಲಿ ಕ್ಯಾಂಪ್ ಹಾಕಿತು. ಊರ ಹೊರಗೆ, ಹಳೇ ಹತ್ತಿ ಗಿರಣಿಯ ಹಿಂದಿನ ಬಯಲಲ್ಲಿ, ಸುತ್ತ ತಗಡು ಬಡಿದು, ಮೇಲೆ ತಾಡಪತ್ರಿ ಹೊದಿಸಿ ಥೇಟರ್ ಕಟ್ಟಿದರು. ದಿನಾ ಮೈಕು ಕಟ್ಟಿದ ಆಟೋ ನಮ್ಮ ಓಣಿಗೆ ಬಂದು, ಮೂರೂಕಾಲಿಗೆ ಒಂದಾಟ, ಆರೂಕಾಲಿಗೆ ಇನ್ನೊಂದು ಎಂದು ಕೂಗಿ ಹೋಗುತ್ತಿತ್ತು. ಎದುರುಮನೆಯ ಮುಬೀನಾ ಕರೆದಳು, ನಾನು ಹೋದೆ. ಮೂರು ತಾಸು ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಮನೆಗೆ ಬಂದಾಗ ಸೌಭಾಗ್ಯಕ್ಕ ಕಿಟಕಿಯಲ್ಲೇ ಇದ್ದರು.

“ಛಲೋ ಇತ್ತೇನು?” ಎಂದರು. ಆಮೇಲೆ ಸೆರಗಿನ ಅಂಚು ತಿರುವುತ್ತ, “ಅಲ್ಲಿ ನನ್ನ ಗಾಡಿ ಹೋಗ್ತದೇನು ಕಸ್ತೂರಿ?” ಎಂದು ಕೇಳಿದರು.

ಅವರು ಹಾಗೆ ಮೆತ್ತಗೆ ಕೇಳಿದ್ದೇ ಇಲ್ಲ. ಬೈದು ಕೇಳಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಆ ಮೂರು ತಾಸು ನನ್ನ ಕೈಯಿಂದ ಜಾರಿ ಹೋಗುತ್ತದೆ ಎಂದು ಅನಿಸಿತು, ಅಷ್ಟೇ.

“ಇಲ್ರೀ ಅಕ್ಕಾ,” ಎಂದೆ. “ಹನ್ನೆರಡು ಮೆಟ್ಟಿಲ ಅದಾವ. ಕಬ್ಬಿಣದ್ದು. ಏರಿ ಒಳಗ ಹೋಗಬೇಕು.”

ಥೇಟರಿನ ಹಿಂದುಗಡೆ ಗ್ಯಾಲರಿಗೆ ಮೆಟ್ಟಿಲುಗಳಿದ್ದದ್ದು ನಿಜ. ಮುಂದುಗಡೆ ಎಲ್ಲ ಬರೀ ನೆಲ, ಬಯಲಿನ ಮಣ್ಣು, ಅದರ ಮೇಲೆ ಕುರ್ಚಿ. ಎತ್ತಿನ ಬಂಡಿ ಹೊಡೆದುಕೊಂಡು ಹೋದರೂ ರಂಗದ ತನಕ ಹೋಗುತ್ತಿತ್ತು. ಆದರೆ ಸೌಭಾಗ್ಯಕ್ಕನಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಕಾಲು ಗಟ್ಟಿಯಿದ್ದಾಗ ಅವರ ಅಪ್ಪ ಹೆಣ್ಣುಮಕ್ಕಳನ್ನು ನಾಟಕಕ್ಕೆ ಬಿಟ್ಟವನಲ್ಲ. ನನ್ನ ಗಂಡನಿಗೋ ನಾಟಕವೆಂದರೆ ಆಕಳಿಕೆ. ಗೊಬ್ಬರದ ಅಂಗಡಿಯೊಂದೇ ಅವರಿಗೆ ಗೊತ್ತಿರುವ ಜಗತ್ತು.

“ಮತ್ತ ಖುರ್ಚ್ಯಾಗ ಬರೇ ತಿಗಣಿ,” ಎಂದು ಸಮಾಧಾನಕ್ಕೆ ಸೇರಿಸಿದೆ. ಅದೂ ಸುಳ್ಳೇ.

ಆಮೇಲೆ ಕಂಪನಿ ಎರಡು ಸಲ ಬಂದು ಹೋಯಿತು. ಎರಡು ಸಲವೂ ನಾನೂ ಮುಬೀನಾಳೂ ಹೋದೆವು. ಬಂದ ಮೇಲೆ ರೊಟ್ಟಿ ಬಡಿಯುತ್ತ ನಾನು ಇಡೀ ನಾಟಕವನ್ನು ಸೌಭಾಗ್ಯಕ್ಕನಿಗೆ ಆಡಿ ತೋರಿಸುತ್ತಿದ್ದೆ. ಅತ್ತೆಯ ದನಿ, ಅಳಿಯನ ನಡಿಗೆ, ಹಾಸ್ಯದವನು ಪಂಚೆ ಕಟ್ಟಿಕೊಳ್ಳುವ ಬಗೆ. ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕು, “ನೀ ಹೇಳಿದ್ರ ನೋಡಿದಂಗ ಆತು ನೋಡು,” ಎನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯುತ್ತಿತ್ತು. ಹಿಟ್ಟು ಸರಿಯಿಲ್ಲ ಎಂದು ತಪ್ಪನ್ನು ಹಿಟ್ಟಿನ ಮೇಲೆ ಹಾಕುತ್ತಿದ್ದೆ.

ಈ ವರ್ಷ ಮತ್ತೆ ಆಟೋ ಬಂತು. ಸೌಭಾಗ್ಯಕ್ಕ ಕಿಟಕಿಯಲ್ಲಿ ಕೂತು ಮೈಕಿನವನ ಜೊತೆ ತಾವೂ ಬಾಯಾಡಿಸುತ್ತಿದ್ದುದನ್ನು ಊಟಕ್ಕೆ ಬಂದ ನನ್ನ ಗಂಡ ನೋಡಿದರು. ಎಂದೂ ಯಾವುದನ್ನೂ ಗಮನಿಸದ ಮನುಷ್ಯ, ಗಮನಿಸಲು ಆ ದಿನವನ್ನೇ ಆರಿಸಿಕೊಂಡರು.

“ಯಕ್ಕಾ, ನಾಟಕ ನೋಡ್ತೀಯೇನು?”

“ಹನ್ನೆರಡು ಮೆಟ್ಟಿಲ ಅದಾವಂತಪಾ. ಕಸ್ತೂರಿ ನೋಡ್ಯಾಳ.”

“ಇದ್ರ ಏನಾತು? ಅಂಗಡ್ಯಾಗ ನಾಲ್ಕು ಮಂದಿ ಹಮಾಲರು ಅದಾರ. ಐವತ್ತು ಕಿಲೋದ ಚೀಲ ಎತ್ತಿ ಒಗಿತಾರ, ನಿನ್ನ ಎತ್ತಂಗಿಲ್ಲೇನು? ಸೋಮವಾರ ಕಳಸ್ತೀನಿ.”

“ಬಿಸಲು ಭಾಳ ಅದರಿ,” ಎಂದೆ. “ಬೆನ್ನಿಗಿ ತ್ರಾಸ ಆಗ್ತದ,” ಎಂದೆ. “ಮಂದಿ ಎತ್ತಿ ಒಯ್ಯೂದು ಚಂದ ಕಾಣಂಗಿಲ್ಲ,” ಎಂದೂ ಅಂದುಬಿಟ್ಟೆ. ಸೌಭಾಗ್ಯಕ್ಕ ನನ್ನ ಕಡೆ ತಿರುಗಿ, “ಚಂದ ಕಾಣೋ ವಯಸ್ಸು ಮುಗದದ, ಸುಮ್ಮಿರು,” ಎಂದರು. ಅಲ್ಲಿಗೆ ಮಾತು ಮುಗಿಯಿತು.

ಸೋಮವಾರದ ತನಕ ನನಗೆ ಮೂರು ದಿನವಿತ್ತು. ಹೇಳಬೇಕೆಂದು ಮೂರು ದಿನವೂ ಬಾಯಿ ತೆರೆದೆ. ಜಳಕ ಮಾಡಿಸುವಾಗ ತೆರೆದೆ, ತಲೆ ಬಾಚುವಾಗ ತೆರೆದೆ. ಅವರು ಯಾವ ಸೀರೆ ಉಡಲಿ, ಮಲ್ಲಿಗೆ ಮುಡಿಯಲೋ ಬೇಡವೋ, ಚೀಲ ಯಾವಾಗ ಖಾಲಿ ಮಾಡಿದರೆ ಮೂರು ತಾಸು ತಡೆಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಎರಡು ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಐವತ್ತು ದಾಟಿದ ಹೆಂಗಸು ಶಾಲೆಯ ಹುಡುಗಿಯ ಹಾಗೆ ಸೀರೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರೆ, ಯಾವ ಬಾಯಿಂದ ಹೇಳಲಿ? ಹೇಡಿ ಎಂದರೆ ಹೇಡಿ, ನಾನು ಒಪ್ಪುತ್ತೇನೆ.

ಸೋಮವಾರ ಎರಡೂವರೆಗೆ ಹಮಾಲರು ಬಂದರು. ಅವರ ಹಿರಿಯ ದೇವಿಂದ್ರ ಎರಡು ಬಿದಿರಿನ ಗಳ, ಒಂದು ಹಗ್ಗದ ಸುರುಳಿ ಹೊತ್ತು ತಂದಿದ್ದ. ಕುರ್ಚಿಯ ಕೆಳಗೆ ಗಳ ಹಾಯಿಸಿ ಬಿಗಿದು ಎತ್ತಿದರೆ ಒಂದಿಷ್ಟೂ ವಾಲುವುದಿಲ್ಲ ಎಂದು ಸೌಭಾಗ್ಯಕ್ಕನಿಗೆ ವಿವರಿಸಿದ. ಅವರು ಮದುಮಗಳ ಹಾಗೆ ತಲೆಯಾಡಿಸಿದರು. ನಾನು ಕುರ್ಚಿ ತಳ್ಳುತ್ತ ಮುಂದೆ, ಗಳ ಹೊತ್ತ ನಾಲ್ವರು ಹಿಂದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಮುಬೀನಾ ತನ್ನ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತು. ನನ್ನ ಮುಖ ನೋಡಿ ಒಳಗೆ ಹೋಗಿಬಿಟ್ಟಳು.

ಗಿರಣಿಯ ಮೂಲೆ ತಿರುಗುವ ಮೊದಲು ನಾನು ಕುರ್ಚಿ ನಿಲ್ಲಿಸಿದೆ.

“ಅಕ್ಕಾ, ಒಂದು ಮಾತು ಹೇಳೂದದರಿ.”

“ಆಮ್ಯಾಲ ಹೇಳು. ಆಟ ಸುರು ಆಗ್ತದ, ಜಲ್ದಿ ನಡಿ.”

ನಡೆದೆ. ಮೂಲೆ ತಿರುಗಿದರೆ ಥೇಟರು. ಬಾಗಿಲಲ್ಲಿ ನೀರು ಚಿಮುಕಿಸಿದ ನೆಲ ಅಂಗೈಯಷ್ಟು ಸಪಾಟಾಗಿತ್ತು. ದೇವಿಂದ್ರ ಗಳ ಕೆಳಗಿಳಿಸಿ ಆ ಕಡೆ ನೋಡಿದ, ಈ ಕಡೆ ನೋಡಿದ.

“ಅಕ್ಕಾರ, ಮೆಟ್ಟಿಲ ಎಲ್ಲಿ ಅದಾವ್ರಿ?”

ಟಿಕೆಟ್ ಹರಿಯುವ ಮನುಷ್ಯ ನಕ್ಕ. “ಮೆಟ್ಟಿಲಾ? ಡೇರೆ ಥೇಟರಿನ ಬಾಗಲಿಗಿ ಮೆಟ್ಟಿಲ ಯಾರು ಕಟ್ತಾರ್ರಿ? ಗಾಡಿ ಸೀದಾ ತಳ್ಕೊಂಡು ಬರ್ರಿ. ಮೊದಲ ಸಾಲಿನ್ಯಾಗ ಎರಡು ಖುರ್ಚಿ ತಗಸ್ತೀನಿ.”

ಸೌಭಾಗ್ಯಕ್ಕ ಬಾಗಿಲಿನಿಂದ ರಂಗದ ಪರದೆಯ ತನಕ ಆ ನೆಲವನ್ನು ನಿಧಾನ ನೋಡಿದರು. ಹಿಂದಿನ ಗ್ಯಾಲರಿಯನ್ನೂ ನೋಡಿದರು. ಆಮೇಲೆ ಕತ್ತು ಹೊರಳಿಸಿ ಒಂದೇ ಒಂದು ಸಲ ನನ್ನನ್ನು ನೋಡಿದರು. ಬೈಗುಳಕ್ಕೆ ಕಾದು ನಿಂತೆ. ಅವರ ಬೈಗುಳಕ್ಕೆ ನಾನು ಅಷ್ಟು ಆಸೆಪಟ್ಟದ್ದು ಅದೇ ಮೊದಲು.

“ದೇವಿಂದ್ರ,” ಎಂದರು, “ಗಳ ಅಲ್ಲೇ ತಗಡಿಗಿ ಆನಿಸಿ ಇಡು. ನೀವೂ ಒಳಗ ಬರ್ರಿ. ಬಂದೀರಿ, ನಾಟಕ ನೋಡಿ ಹೋಗ್ರಿ.”

ನಾಲ್ಕು ಮಂದಿಗೂ ಟಿಕೆಟ್ ತೆಗೆಸಿದರು.

ಮೊದಲ ಸಾಲಿನ ಕೊನೆಯಲ್ಲಿ ಎರಡು ಕುರ್ಚಿ ತೆಗೆದು ಜಾಗ ಮಾಡಿಕೊಟ್ಟರು. ನಾನು ಪಕ್ಕದಲ್ಲಿ ಕೂತೆ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಸುರ ಹಿಡಿದ, ಪರದೆ ಎದ್ದಿತು. ಹಾಸ್ಯದವನು ಬಂದವನೇ ಸೌಭಾಗ್ಯಕ್ಕನ ಗಾಲಿಕುರ್ಚಿ ನೋಡಿ ಮಾತು ನಿಲ್ಲಿಸಿದ. ಕಂಪನಿಯವರಿಗೆ ಇದು ರೂಢಿ, ಎದುರು ಕೂತವರನ್ನು ಕೆಣಕದಿದ್ದರೆ ಅವರಿಗೆ ಆಟ ಕಳೆಗಟ್ಟುವುದಿಲ್ಲ.

“ನೋಡ್ರಪಾ, ಅಕ್ಕಾರು ಮನಿಯಿಂದ ಖುರ್ಚಿ ತಂದಾರ. ನಮ್ಮ ಕಂಪನಿ ಖುರ್ಚಿ ಮ್ಯಾಲ ನಂಬಿಕಿನ ಇಲ್ಲ.”

ಸೌಭಾಗ್ಯಕ್ಕ ಒಂದು ಕ್ಷಣವೂ ತಡೆಯಲಿಲ್ಲ. “ನಿಮ್ಮ ಖುರ್ಚ್ಯಾಗ ತಿಗಣಿ ಅದಾವಂತ ನಮ್ಮ ಮನ್ಯಾಗ ಹೇಳ್ಯಾರಪಾ,” ಎಂದು ಕೂಗಿದರು.

ಥೇಟರಿಗೆ ಥೇಟರೇ ನಕ್ಕಿತು. ಹಾಸ್ಯದವನು ಕೈಮುಗಿದು ರಂಗದ ಮೇಲೆ ಅಡ್ಡಬಿದ್ದ. ಅಲ್ಲಿಂದ ಮುಂದೆ ಪ್ರತಿ ಮಾತಿಗೂ ಅವನು ಸೌಭಾಗ್ಯಕ್ಕನ ಕಡೆ ತಿರುಗುವುದು, ಇವರು ಉತ್ತರ ಕೊಡುವುದು. ಬರೆದ ಮಾತಿಗಿಂತ ಇವರ ಮಾತಿಗೇ ಹೆಚ್ಚು ಚಪ್ಪಾಳೆ ಬಿತ್ತು. ಕಿಟಕಿಯಲ್ಲಿ ಕೂತು ನನ್ನೊಬ್ಬಳನ್ನೇ ಬೈದು ಸವೆಸಿದ ಆ ಬಾಯಿಗೆ ಇಷ್ಟು ಜನರನ್ನು ನಗಿಸುವ ಶಕ್ತಿಯಿತ್ತು. ನಾನು ಎಂಟು ವರ್ಷ ಅದನ್ನು ಮನೆಯಲ್ಲಿ ಕೂಡಿಹಾಕಿದ್ದೆ. ನಾಟಕದ ಒಂದಕ್ಷರವೂ ನನ್ನ ತಲೆಗೆ ಹತ್ತಲಿಲ್ಲ.

ಅಷ್ಟು ಲೆಕ್ಕ ಹಾಕಿದ್ದರೂ ವಿರಾಮದಲ್ಲಿ ಮೂತ್ರದ ಚೀಲ ಖಾಲಿ ಮಾಡಬೇಕಾಯಿತು. ಎಲ್ಲಿಗೆ ಕರೆದೊಯ್ಯುವುದೆಂದು ನಾನು ಅತ್ತಿತ್ತ ನೋಡುವಷ್ಟರಲ್ಲಿ ಅತ್ತೆಯ ಪಾತ್ರ ಮಾಡಿದ ನಟಿ ಪರದೆಯ ಸಂದಿಯಿಂದ ಇಣುಕಿ ಕೈಬೀಸಿದಳು. ಅವಳ ಹೆಸರು ಖಾಸಿಂಬೀ. ಬಣ್ಣದ ಕೋಣೆಗೂ ನೆಲದ ಮೇಲಿನಿಂದಲೇ ದಾರಿಯಿತ್ತು. ಒಳಗೆ ಕರೆದು, ಗಂಡಸರನ್ನು ಹೊರಗಟ್ಟಿ, ಒಂದು ಜರಿ ಸೀರೆಯನ್ನು ಅಡ್ಡ ಹಿಡಿದು ನಿಂತಳು. ನಾನು ನೆಲದಲ್ಲಿ ಕೂತು ಕೆಲಸ ಮಾಡಿದೆ.

“ಫಿಕರ್ ಮಾಡಬ್ಯಾಡ್ರಿ,” ಎಂದಳು ಖಾಸಿಂಬೀ. “ಎಲ್ಲಾ ಊರಾಗೂ ನಿಮ್ಮಂಥೋರು ಒಬ್ಬರಿಬ್ಬರು ಬರ್ತಾರ. ಹೋದ ಸಲ ಇಲ್ಲೇ ದೇವಾಪುರದಾಕಿ ಒಬ್ಬಾಕಿ ಬರ್ತಿದ್ಲು. ಒಂದು ನಾಟಕ ಬಿಟ್ಟಾಕಿ ಅಲ್ಲ.”

“ಯಾವಾಗಿಂದ ಹಿಂಗ ಖುರ್ಚಿ ತಗದು ಜಾಗಾ ಮಾಡಿ ಕೊಡ್ತೀರಿ?” ಎಂದು ಸೌಭಾಗ್ಯಕ್ಕ ಕೇಳಿದರು.

“ನಾ ಕಂಪನಿ ಸೇರಿ ಹದಿನಾರು ವರ್ಷ ಆತ್ರಿ. ಅವಾಗಿಂದ ನೋಡಾಕತ್ತೀನಿ.”

ಸೌಭಾಗ್ಯಕ್ಕ ಹೂಂಗುಟ್ಟಿದರು. ನಾನು ತಲೆ ಎತ್ತಲಿಲ್ಲ. ಕೊಳವೆಯ ಬಿರಡೆ ಸರಿಯಾಗಿ ಹಾಕದೆ ಅವರ ಸೀರೆಯ ಅಂಚು ಒದ್ದೆ ಮಾಡಿದೆ. ಬೇರೆ ದಿನವಾಗಿದ್ದರೆ ನನ್ನ ಏಳು ತಲೆಮಾರನ್ನು ಹೊರಗೆಳೆಯುತ್ತಿದ್ದರು. ಅವತ್ತು ತಾವೇ ಬಗ್ಗಿ ಸೆರಗಿನಿಂದ ಒರೆಸಿಕೊಂಡರು.

ವಿರಾಮದ ಮೇಲೆ ಅತ್ತೆ ತನ್ನ ತಪ್ಪಿಗೆ ಅಳುವ ದೃಶ್ಯ ಬಂತು. ಖಾಸಿಂಬೀ ಚೆನ್ನಾಗಿ ಮಾಡಿದಳು. ಸೌಭಾಗ್ಯಕ್ಕ ಅಳಲಿಲ್ಲ, ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹಿಂದಿನ ಸಾಲಿನ ಹೆಂಗಸೊಬ್ಬಳು, “ನಾಟಕ ಅದವ್ವಾ, ಖರೇ ಅಲ್ಲ,” ಎಂದು ನನ್ನ ಭುಜ ತಟ್ಟಿದಳು.

ಹೊರಗೆ ಬಂದಾಗ ಬಿಸಿಲು ಇಳಿದು ಊರ ಪಕ್ಕದ ಬೆಟ್ಟದ ಬಂಡೆಗಳು ಕೆಂಪಾಗಿದ್ದವು. ಸೌಭಾಗ್ಯಕ್ಕ ದೇವಿಂದ್ರನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಅವನು ನನ್ನ ಕಡೆ ನೋಡಿ, ತಲೆಯಾಡಿಸಿ, ಗಳ ಹೊತ್ತು ತನ್ನವರೊಂದಿಗೆ ಅಂಗಡಿಯ ಕಡೆ ಹೋದ. ಉಳಿದದ್ದು ನಾವಿಬ್ಬರೇ.

“ಅಕ್ಕಾ…” ಎಂದೆ.

“ಮುಂದ ತಗ್ಗು ಅದ. ನೋಡಿ ತಳ್ಳು.”

ಮನೆ ಮುಟ್ಟುವ ತನಕ ಅದೊಂದೇ ಮಾತು. ಹಿಂದಿನಿಂದ ಅವರ ತುರುಬು, ಅದರಲ್ಲಿ ಬಾಡಿದ ಮಲ್ಲಿಗೆ ಮಾತ್ರ ನನಗೆ ಕಾಣುತ್ತಿತ್ತು. ಮುಖ ಕಾಣದವರ ಹತ್ತಿರ ಕ್ಷಮೆ ಕೇಳುವುದು ಹೇಗೆಂದು ಯೋಚಿಸುತ್ತ ತಳ್ಳಿದೆ.

ನನ್ನ ಗಂಡ ಅವತ್ತು ಬೇಗನೆ ಬಂದು ಕಟ್ಟೆಯ ಮೇಲೆ ಕೂತಿದ್ದರು. ತಾವು ಮಾಡಿದ ಉಪಕಾರದ ಖುಷಿ ಮುಖದ ತುಂಬ ಇತ್ತು. ಕುರ್ಚಿಯ ಜೊತೆಗೇ ಒಳಗೆ ಬಂದರು.

“ಹ್ಯಾಂಗಿತ್ತು ಯಕ್ಕಾ? ಮೆಟ್ಟಿಲ ಏರಸಾಕ ಭಾಳ ತ್ರಾಸ ಆತೇನು?”

“ಏನೂ ಆಗಲಿಲ್ಲ ಬಿಡು,” ಎಂದರು ಸೌಭಾಗ್ಯಕ್ಕ. “ದೇವಿಂದ್ರ ಮುಂದ ಹಿಡದ, ಉಳದೋರು ಹಿಂದ. ನಡುವ ಒಂದು ಕಡಿ ಗಾಡಿ ವಾಲಿತು. ಕಸ್ತೂರಿ ಓಡಿ ಬಂದು ಹಿಡಕೊಂಡ್ಲು. ಇಲ್ಲಾಂದ್ರ ಬಿದ್ದಿದ್ದೆ ನೋಡು.”

ನನ್ನ ಗಂಡ ನನ್ನ ಕಡೆ ತಿರುಗಿದರು. ಮದುವೆಯಾದ ಮೇಲೆ ಅವರು ನನ್ನನ್ನು ಹಾಗೆ ನೋಡಿದ್ದು ಮೂರು ಸಲವಿರಬಹುದು. “ಛಲೋ ಮಾಡಿದಿ,” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ‘ಛಲೋ’ವನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅಕ್ಕ ನನ್ನನ್ನು ಉಳಿಸುತ್ತಿದ್ದಾರೆ, ನಾನು ಬಾಯಿ ಹೊಲಿದುಕೊಂಡು ನಿಂತರೆ ಮನುಷ್ಯಳೇ ಅಲ್ಲ ಎಂದುಕೊಂಡೆ.

“ಮೆಟ್ಟಿಲ ಇರಲಿಲ್ರಿ,” ಎಂದೆ. “ಎಂದೂ ಇರಲಿಲ್ಲ. ಎಂಟು ವರ್ಷದ ಹಿಂದ ನಾನ ಸುಳ್ಳು ಹೇಳಿದ್ದೆ. ಅಕ್ಕನ್ನ ಬಿಟ್ಟು ಒಬ್ಬಾಕೀನ ಹೋಗಬೇಕನಿಸಿತ್ತು, ಅದಕ್ಕ.”

ಸೌಭಾಗ್ಯಕ್ಕ ಕಣ್ಣು ಮುಚ್ಚಿಕೊಂಡರು.

ನನ್ನ ಗಂಡ ಮೊದಲು ನಗಲು ಹೋದರು, ನಗು ಅರ್ಧಕ್ಕೇ ನಿಂತಿತು. ನನ್ನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ನೋಡಲೇ ಇಲ್ಲ. ಅಕ್ಕನನ್ನು ನೋಡುತ್ತ ನಿಂತರು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋದವರು ನೋಡುತ್ತಾರಲ್ಲ, ಹಾಗೆ. ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅಕ್ಕನನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಹೌದೇನು ಯಕ್ಕಾ?” ಎಂದರು ಸಣ್ಣ ದನಿಯಲ್ಲಿ.

“ಬೆನ್ನು ನೋಯಾಕತ್ತದ. ಮಲಗಿಸು ಕಸ್ತೂರಿ.”

ನನ್ನ ಗಂಡ ಅಲ್ಲಿ ನಿಲ್ಲಲಾರದೆ, ಅಂಗಡಿಯಲ್ಲಿ ಏನೋ ಮರೆತೆನೆಂದು ಹೊರಟುಹೋದರು. ನಾನು ಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದು ಗಾಲಿ ಬಿಗಿದೆ. ಬಗ್ಗಿದೆ. ಸೌಭಾಗ್ಯಕ್ಕ ಎರಡೂ ಕೈ ನನ್ನ ಕೊರಳಿಗೆ ಹಾಕಿದರು. ನಾನು ಅವರನ್ನು ಎತ್ತಿದೆ. ಅವರ ಬಾಯಿ ನನ್ನ ಕಿವಿಯ ಹತ್ತಿರವಿತ್ತು.

“ನಿನ್ನ ಉಳಸಾಕ ಸುಳ್ಳು ಹೇಳಿದೆ ಅಂತ ತಿಳದೇನು?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನನ್ನ ತಪ್ಪಿಸಿ ಹೋಗಾಕ ಮಂದಿ ಸುಳ್ಳು ಹೇಳಬೇಕಾಗ್ತದ ಅನ್ನೂದು ನಮ್ಮಿಬ್ಬರಿಗಿ ಗೊತ್ತಿದ್ರ ಸಾಕಾಗಿತ್ತು. ನನ್ನ ತಮ್ಮ ನನ್ನ ಈ ಮನಿ ನಡಸೋ ದೊಡ್ಡಾಕಿ ಅಂತ ತಿಳಕೊಂಡಿದ್ದ. ನೀ ಹಗುರಾಗಾಕ ಅವಗ ಹೇಳಿದಿ.”

ಅವರ ಭಾರ ಪೂರ್ತಿ ನನ್ನ ಮೇಲಿತ್ತು, ಕೈಗಳು ಇನ್ನೂ ನನ್ನ ಕೊರಳನ್ನು ಬಳಸಿದ್ದವು. ನಾನು ಮಲಗಿಸುವ ತನಕ ಅವರು ಬಿಡುವಂತೆಯೂ ಇರಲಿಲ್ಲ.